ಅಂಬಾಸಿಡರ್‌ಗೆ ಮುಂದೆ ಡಿಸ್ಕ್ ಹಾಕಿಸಿದ ಮೇಲೆ ಹಿಂದಿನ ಚಕ್ರಗಳು ಮೊದಲು ಲಾಕ್ ಆಗುತ್ತಿವೆ

ಕೆಂಪುಧೂಳು, ಬಳ್ಳಾರಿ
ಎಲ್ಲರಿಗೂ ನಮಸ್ಕಾರ. ನನ್ನ ಅಂಬಾಸಿಡರ್‌ನ ಮುಂದಿನ ಚಕ್ರಗಳ ಡ್ರಮ್ ಬ್ರೇಕ್ ತೆಗೆಸಿ ಡಿಸ್ಕ್ ಬ್ರೇಕ್ ಹಾಕಿಸಿದ್ದೇನೆ. ಹಣ ಸುರಿದದ್ದಾಯಿತು, ಬ್ರೇಕ್ ಮಾತ್ರ ಮೊದಲಿಗಿಂತಲೂ ಕೆಟ್ಟಿದೆ. ಜೋರಾಗಿ ತುಳಿದರೆ ಹಿಂದಿನ ಚಕ್ರಗಳು ಮೊದಲು ಕಚ್ಚಿಕೊಂಡು ಗಾಡಿಯ ಹಿಂಭಾಗ ಬಲಕ್ಕೆ ಜಾರುತ್ತದೆ. ಮೊನ್ನೆ ಕುಡತಿನಿಯ ಬಳಿ ಮುಂದಿದ್ದ ಅದಿರಿನ ಲಾರಿ ದಿಢೀರನೆ ನಿಂತಾಗ ನನ್ನ ಗಾಡಿ ಅಡ್ಡ ತಿರುಗಿ ರಸ್ತೆಯ ಅಂಚಿಗೆ ಹೋಗಿ ನಿಂತಿತು. ಕೆಲಸ ಮಾಡಿದ ಮೇಸ್ತ್ರಿಯನ್ನು ಕೇಳಿದರೆ "ಪ್ಯಾಡ್ ಕೂತುಕೊಳ್ಳಬೇಕು, ಓಡಿಸಿ" ಎನ್ನುವುದರ ಹೊರತು ಬೇರೆ ಮಾತಿಲ್ಲ. ಬ್ರೇಕ್ ಪೈಪಿನ ಏರ್ ತೆಗೆಸಿಯಾಗಿದೆ, ಹಿಂದಿನ ಲೈನರ್ ಹೊಸದು, ಎಲ್ಲಿಯೂ ಸೋರಿಕೆಯಿಲ್ಲ. ಉಳಿದದ್ದೆಲ್ಲ ಎಲ್ಲ ಅಂಬಾಸಿಡರ್‌ಗಳಲ್ಲಿ ಇರುವಂತೆಯೇ ಇದೆ. ತಿಳಿದವರು ದಯವಿಟ್ಟು ದಾರಿ ತೋರಿಸಿ.

ಪದ್ಮಿನಿ ಪ್ರಿಯ, ರಾಯಚೂರು
ಇದಕ್ಕೆ ಒಂದೇ ಉತ್ತರ, ಹಿಂದಿನ ಬ್ರೇಕಿಗೆ ಹೋಗುವ ಒತ್ತಡ ಇಳಿಸುವ ಪ್ರಪೋರ್ಷನಿಂಗ್ ವಾಲ್ವ್. ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಕ್ಕೆ ವಾಲಿ ಹಿಂದಿನ ಟೈರುಗಳ ಹಿಡಿತ ಕಡಿಮೆಯಾಗುತ್ತದೆ. ಹಿಂದಿನ ಡ್ರಮ್‌ನ ಲೀಡಿಂಗ್ ಶೂ (ಡ್ರಮ್ ಒಳಗೆ ಒತ್ತುವ ಎರಡು ಶೂಗಳಲ್ಲಿ ಮುಂದಿನದು) ಚಕ್ರದ ತಿರುಗುವಿಕೆಯಿಂದಲೇ ಇನ್ನಷ್ಟು ಬಿಗಿಯುವುದರಿಂದ ಅದಕ್ಕೆ ಕಡಿಮೆ ಒತ್ತಡ ಸಾಕು. ಡಿಸ್ಕ್‌ಗೆ ಅಂಥ ಸಹಾಯವಿಲ್ಲದ ಕಾರಣ ಹೆಚ್ಚು ಒತ್ತಡ ಬೇಕು. ಎರಡಕ್ಕೂ ಒಂದೇ ಒತ್ತಡ ಕೊಟ್ಟರೆ ಹಿಂದಿನದು ಮೊದಲು ಕಚ್ಚುವುದು ಸಹಜ. ಹಿಂದಿನ ಪೈಪಿನಲ್ಲಿ ತಿರುಪಿನಿಂದ ಹೊಂದಿಸುವ ವಾಲ್ವ್ ಕೂರಿಸಿ, ಖಾಲಿ ರಸ್ತೆಯಲ್ಲಿ ಪರೀಕ್ಷಿಸುತ್ತ ಹೊಂದಿಸಿಕೊಳ್ಳಿ. ನನ್ನ ಪದ್ಮಿನಿಗೆ ಬೂಸ್ಟರ್ (ಪೆಡಲ್ ಒತ್ತುವ ಬಲ ಹೆಚ್ಚಿಸುವ ಸಾಧನ) ಸಮೇತ ಇದನ್ನೇ ಮಾಡಿಸಿದ್ದೇನೆ; ಎರಡು ಬೆರಳಿನಷ್ಟು ಒತ್ತಿದರೂ ನಿಲ್ಲುತ್ತದೆ.

ಹಳೇ ಗಾಡಿ, ಕೊಪ್ಪಳ
ರಾಯಚೂರಿನ ಸರ್ ಹೇಳಿದ ತತ್ವ ಸರಿಯಾಗಿದೆ, ಆದರೆ ವಾಲ್ವ್ ಕೊಳ್ಳುವ ಮೊದಲು ಕೆಲವು ಸಂಗತಿಗಳು ತಿಳಿಯಬೇಕು. "ಎಲ್ಲ ಅಂಬಾಸಿಡರ್‌ಗಳಂತೆ" ಎಂದರೆ ಏನೂ ಗೊತ್ತಾಗುವುದಿಲ್ಲ. ಮಾರ್ಕ್ 2 ಗಾಡಿಗೂ ಕಂಪನಿಯೇ ಮುಂದೆ ಡಿಸ್ಕ್ ಕೊಟ್ಟ ಕೊನೆಯ ವರ್ಷಗಳ ಗಾಡಿಗೂ ಬಹಳ ಅಂತರವಿದೆ. ಗಾಡಿ ಯಾವ ವರ್ಷದ್ದು? ಪೆಡಲ್ ತುಳಿದಾಗ ಆಯಿಲ್‌ಗೆ ಒತ್ತಡ ಕೊಡುವ ಮಾಸ್ಟರ್ ಸಿಲಿಂಡರ್ ಹಳೆಯದೋ ಹೊಸದೋ, ಅದು ಬಾನೆಟ್ ಒಳಗಿದೆಯೋ ನೆಲದ ಕೆಳಗಿದೆಯೋ? ಬೂಸ್ಟರ್ ಇದೆಯೇ? ಬೆಳಗ್ಗೆ ತಣ್ಣಗಿರುವ ಗಾಡಿಯಲ್ಲೂ ಹಿಂದಿನ ಚಕ್ರಗಳು ಹೀಗೆಯೇ ಕಚ್ಚುತ್ತವೆಯೇ ಅಥವಾ ಓಡಿದ ಮೇಲೆ ಮಾತ್ರವೇ?

ಪದ್ಮಿನಿ ಪ್ರಿಯ, ರಾಯಚೂರು
ವರ್ಷ ಯಾವುದಾದರೂ ಭೌತಶಾಸ್ತ್ರ ಒಂದೇ. ವಾಲ್ವ್ ಬೇಡವೆಂದರೆ ಹಿಂದಿನ ಶೂಗಳನ್ನು ತಳ್ಳುವ ವ್ಹೀಲ್ ಸಿಲಿಂಡರ್ ಚಿಕ್ಕದು ಮಾಡಿ. 3/4 ಇಂಚಿನ ಬದಲು 5/8 ಇಂಚಿನದು ಹಾಕಿದರೆ ವಿಸ್ತೀರ್ಣ, ಅದರೊಂದಿಗೆ ಶೂ ಮೇಲಿನ ಬಲ, ಸುಮಾರು ಶೇಕಡಾ 30ರಷ್ಟು ಇಳಿಯುತ್ತದೆ. ಜೊತೆಗೆ ಹಳೆಯ ಬ್ರೇಕ್ ಆಯಿಲ್ ಚೆಲ್ಲಿ ಸಿಲಿಕೋನಿನ ಡಾಟ್ 5 ತುಂಬಿಸಿ. ಗಾಡಿಯ ಬಣ್ಣ ಕೆಡುವುದಿಲ್ಲ, ನೀರು ಹೀರುವುದಿಲ್ಲ.

ಗಂಗಾವತಿ ಅಂಬಿ
ಡಾಟ್ 5 ಸಲಹೆಯನ್ನು ದಯವಿಟ್ಟು ಹೀಗೆ ಹಗುರವಾಗಿ ಕೊಡಬೇಡಿ. ಅದು ಸಾಮಾನ್ಯ ಬ್ರೇಕ್ ಆಯಿಲ್‌ಗಳಾದ ಡಾಟ್ 3 ಅಥವಾ ಡಾಟ್ 4ರೊಂದಿಗೆ ಬೆರೆಯುವುದಿಲ್ಲ, ಒಳಗೆ ಸೇರಿದ ಸಣ್ಣ ಗಾಳಿಗುಳ್ಳೆಗಳನ್ನು ಬೇಗ ಬಿಡುವುದೂ ಇಲ್ಲ. ನಮ್ಮ ಕಡೆಯ ಬಿಸಿಲಿಗೆ ಒಳ್ಳೆಯ ಡಾಟ್ 4 ಸಾಕು. ಹೊಸದಿದ್ದಾಗ ಅದರ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬ ಮಾನದಂಡವಿದೆ, ಡಾಟ್ 3ಕ್ಕೆ ಅದು 205.

ಪದ್ಮಿನಿ ಪ್ರಿಯ, ರಾಯಚೂರು
ನಾನು ಬೆರೆಸಿ ಎಂದು ಹೇಳಲಿಲ್ಲ, ಚೆಲ್ಲಿ ತುಂಬಿಸಿ ಎಂದೆ. ಓದಿ ಉತ್ತರಿಸಿದರೆ ಒಳ್ಳೆಯದು.

ಕೆಂಪುಧೂಳು, ಬಳ್ಳಾರಿ
ಕೊಪ್ಪಳದ ಸರ್, ಗಾಡಿ 1972ರ ಮಾರ್ಕ್ 2. ಬೂಸ್ಟರ್ ಇಲ್ಲ. ಮಾಸ್ಟರ್ ಸಿಲಿಂಡರ್ ನೆಲದ ಕೆಳಗಿದೆ, ಮೊದಲಿನಿಂದ ಇದ್ದದ್ದೇ. ಸೋರುತ್ತಿರಲಿಲ್ಲವಾದ್ದರಿಂದ ಕಿಟ್ ಮಾತ್ರ ಹಾಕಿ ಅದನ್ನು ಬದಲಿಸಲಿಲ್ಲ. ಬೆಳಗ್ಗೆ ಮನೆಯಿಂದ ಹೊರಟಾಗ ಬ್ರೇಕ್ ಚೆನ್ನಾಗಿಯೇ ಇರುತ್ತದೆ. ತೋರಣಗಲ್ಲು ದಾಟಿ ಸಂಡೂರಿನ ಕಡೆ ತಿರುಗುವ ಹೊತ್ತಿಗೆ ಈ ತೊಂದರೆ ಶುರುವಾಗುತ್ತದೆ. ಇಳಿದು ನೋಡಿದರೆ ಮುಂದಿನ ಡಿಸ್ಕ್‌ಗಳು ಮುಟ್ಟಲಾಗದಷ್ಟು ಬಿಸಿ, ಸುಟ್ಟ ವಾಸನೆ. ಡಿಸ್ಕ್ ಎಂದರೆ ಬಿಸಿಯಾಗುವುದೇ ಅಲ್ಲವೇ ಎಂದುಕೊಂಡು ಅದನ್ನು ಬರೆದಿರಲಿಲ್ಲ.

ಹಳೇ ಗಾಡಿ, ಕೊಪ್ಪಳ
ಇದೇ ಮುಖ್ಯ ಸುಳಿವು. ಡ್ರಮ್‌ಗಾಗಿ ಮಾಡಿದ ಹಳೆಯ ಮಾಸ್ಟರ್ ಸಿಲಿಂಡರ್‌ಗಳೊಳಗೆ ಒಂದು ಚೆಕ್ ವಾಲ್ವ್ ಇರುತ್ತದೆ. ಪೆಡಲ್ ಬಿಟ್ಟ ಮೇಲೂ ಅದು ಪೈಪಿನಲ್ಲಿ ಸುಮಾರು 10 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಉಳಿಸುತ್ತದೆ. ಡ್ರಮ್‌ನಲ್ಲಿ ಶೂಗಳನ್ನು ಹಿಂದಕ್ಕೆಳೆಯಲು ಗಟ್ಟಿ ಸ್ಪ್ರಿಂಗ್‌ಗಳಿರುವುದರಿಂದ ಈ ಒತ್ತಡ ತೊಂದರೆ ಕೊಡದು, ವ್ಹೀಲ್ ಸಿಲಿಂಡರ್‌ನ ರಬ್ಬರ್ ಕಪ್‌ಗಳು ಅಂಟಿಕೊಂಡಿರಲು ನೆರವೂ ಆಗುತ್ತದೆ. ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್‌ನಲ್ಲಿ ಅಂಥ ಸ್ಪ್ರಿಂಗ್ ಇಲ್ಲ. ಪಿಸ್ಟನ್ನಿನ ಸುತ್ತಲ ಸೀಲ್ ತುಸು ಹಿಂದಕ್ಕೆ ಎಳೆದಷ್ಟೇ ಬಿಡುಗಡೆ. 48 ಮಿಲಿಮೀಟರ್ ಪಿಸ್ಟನ್ ಮೇಲೆ 10 ಪಿಎಸ್‌ಐ ಎಂದರೆ 12ರಿಂದ 13 ಕಿಲೋಗ್ರಾಂ ಭಾರ ಸದಾ ಪ್ಯಾಡನ್ನು ಒತ್ತಿ ಹಿಡಿದಂತೆ. ಪ್ಯಾಡ್ ಉಜ್ಜುತ್ತ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಆಗ ನೀವು ಇನ್ನಷ್ಟು ಜೋರಾಗಿ ತುಳಿಯುತ್ತೀರಿ, ಆ ಹೆಚ್ಚಿದ ಒತ್ತಡಕ್ಕೆ ಹಿಂದಿನ ಡ್ರಮ್‌ಗಳು ಕಚ್ಚುತ್ತವೆ. ಹಿಂದಿನ ಬ್ರೇಕ್ ಹೆಚ್ಚಾದಂತೆ ಕಾಣುವುದಕ್ಕೆ ಮುಂದಿನದು ಸೋತಿರುವುದೇ ಕಾರಣ.

ಖಚಿತಪಡಿಸಿಕೊಳ್ಳಲು ಗಾಡಿಯನ್ನು ಓಡಿಸಿ ಬಿಸಿ ಮಾಡಿ, ಮುಂಭಾಗವನ್ನು ಜಾಕ್ ಮೇಲೆ ಎತ್ತಿ ಸ್ಟ್ಯಾಂಡ್ ಕೊಟ್ಟು ಚಕ್ರವನ್ನು ಕೈಯಿಂದ ತಿರುಗಿಸಿ. ಬಿಗಿಯಿದ್ದರೆ ಮೊದಲು ಮಾಸ್ಟರ್ ಸಿಲಿಂಡರ್‌ನ ಪೈಪ್ ಯೂನಿಯನ್ (ಪೈಪ್ ಜೋಡಿಸುವ ನಟ್) ಸಡಿಲಿಸಿ. ಚಕ್ರ ಹಗುರಾದರೆ ದೋಷ ಮಾಸ್ಟರ್‌ನಲ್ಲಿದೆ. ಆಗಲಿಲ್ಲವೆಂದರೆ ಕ್ಯಾಲಿಪರ್‌ನ ನಿಪ್ಪಲ್ (ಗಾಳಿ ತೆಗೆಯುವ ತಿರುಪು) ತೆರೆಯಿರಿ; ಈಗ ಹಗುರಾದರೆ ನಡುವಿನ ರಬ್ಬರ್ ಹೋಸ್ ಒಳಗೆ ಊದಿ ಮುಚ್ಚಿದೆ. ಅದಕ್ಕೂ ಜಗ್ಗದಿದ್ದರೆ ಪಿಸ್ಟನ್ ಅಥವಾ ಜಾರುವ ಪಿನ್ ಹಿಡಿದುಕೊಂಡಿದೆ.

ಗಂಗಾವತಿ ಅಂಬಿ
ಒಂದು ಸೇರಿಸುತ್ತೇನೆ. ಯೂನಿಯನ್ ಬಿಚ್ಚುವ ಮೊದಲು ಪೆಡಲ್‌ನ ಫ್ರೀ ಪ್ಲೇ (ಬ್ರೇಕ್ ಹಿಡಿಯುವ ಮೊದಲು ಪೆಡಲ್ ಸುಮ್ಮನೆ ಆಡುವ ಅಂತರ) ನೋಡಿ. ಪೆಡಲ್‌ನಿಂದ ಮಾಸ್ಟರ್ ಅನ್ನು ತಳ್ಳುವ ಪುಷ್ ರಾಡ್ ಉದ್ದವಾಗಿ ಅದರ ಪಿಸ್ಟನ್ ಪೂರ್ತಿ ಹಿಂದಕ್ಕೆ ಬಾರದಿದ್ದರೆ ಟ್ಯಾಂಕಿಗೆ ಮರಳುವ ಸಣ್ಣ ರಂಧ್ರ ಮುಚ್ಚಿಕೊಂಡು, ಆಯಿಲ್ ಬಿಸಿಯಾಗಿ ಹಿಗ್ಗಿದಂತೆಲ್ಲ ಬ್ರೇಕ್ ಹೆಚ್ಚು ಹೆಚ್ಚು ಹಿಡಿಯುತ್ತದೆ. ಲಕ್ಷಣ ಎರಡಕ್ಕೂ ಒಂದೇ, ರಿಪೇರಿ ಮಾತ್ರ ಬೇರೆ. ಕ್ಯಾಲಿಪರ್‌ನ ನಿಪ್ಪಲ್ ಮೇಲ್ಭಾಗದಲ್ಲಿದೆಯೇ ಎಂಬುದನ್ನೂ ಗಮನಿಸಿ. ಎಡಬಲ ಅದಲುಬದಲಾದರೆ ನಿಪ್ಪಲ್ ಕೆಳಗಾಗುತ್ತದೆ, ಮೇಲೆ ನಿಂತ ಗಾಳಿ ಎಷ್ಟು ಬ್ಲೀಡ್ ಮಾಡಿದರೂ ಬರುವುದಿಲ್ಲ.

ಪದ್ಮಿನಿ ಪ್ರಿಯ, ರಾಯಚೂರು
ಇಷ್ಟೆಲ್ಲ ಬಿಚ್ಚುವುದಕ್ಕಿಂತ ಒಂದು ವಾಲ್ವ್ ಅಗ್ಗ. ಹಿಂದಿನ ಒತ್ತಡ ಇಳಿಸಿದರೆ ಜಾರುವುದು ನಿಲ್ಲಲೇಬೇಕು.

ಹಳೇ ಗಾಡಿ, ಕೊಪ್ಪಳ
ಜಾರುವುದು ನಿಲ್ಲಬಹುದು, ಆದರೆ ಮುಂದಿನ ಬ್ರೇಕ್ ಬಿಸಿಗೆ ಸೋತಿರುವಾಗ ಹಿಂದಿನದನ್ನೂ ಇಳಿಸಿದರೆ ಗಾಡಿ ನೆಟ್ಟಗೆ ಹೋಗಿ ಅದೇ ಲಾರಿಗೆ ಗುದ್ದುತ್ತದೆ. ವಾಲ್ವ್ ಕೊನೆಯಲ್ಲಿ ಹಾಕುವ ವಸ್ತು.

ಕೆಂಪುಧೂಳು, ಬಳ್ಳಾರಿ
ಪರೀಕ್ಷೆ ಮಾಡಿದೆ. ಪೆಡಲ್‌ನ ಫ್ರೀ ಪ್ಲೇ ಸರಿಯಾಗಿದೆ, ನಿಪ್ಪಲ್‌ಗಳು ಮೇಲೆಯೇ ಇವೆ. ಮಾಸ್ಟರ್‌ನ ಯೂನಿಯನ್ ಸಡಿಲಿಸಿದ ಕೂಡಲೇ ಸ್ವಲ್ಪ ಆಯಿಲ್ ಚಿಮ್ಮಿ ಎರಡೂ ಚಕ್ರಗಳು ಸಲೀಸಾಗಿ ತಿರುಗಿದವು. ಚೆಕ್ ವಾಲ್ವ್ ಕಿತ್ತು ಅದೇ ಸಿಲಿಂಡರ್ ಮತ್ತೆ ಜೋಡಿಸಬಹುದೇ?

ಹಳೇ ಗಾಡಿ, ಕೊಪ್ಪಳ
ಬೇಡ. ಇಂಥ ಹಳೆಯ ಸಿಲಿಂಡರ್‌ಗಳಲ್ಲಿ ಒಳಗಿನ ಸ್ಪ್ರಿಂಗ್ ಆ ವಾಲ್ವ್ ಮೇಲೆಯೇ ಕೂತಿರುತ್ತದೆ. ಅದನ್ನು ಬರಿದೇ ತೆಗೆದರೆ ಸ್ಪ್ರಿಂಗ್‌ಗೆ ಸರಿಯಾದ ನೆಲೆಯಿರುವುದಿಲ್ಲ. ಚೆಕ್ ವಾಲ್ವ್ ಇಲ್ಲದ, ಡಿಸ್ಕ್‌ಗೆ ಹೊಂದುವ ಮಾಸ್ಟರ್ ಹಾಕಿಸಿ. ನಿಮ್ಮದು ನೆಲದ ಕೆಳಗಿರುವುದರಿಂದ ಕ್ಯಾಲಿಪರ್‌ನ ಆಯಿಲ್ ನಿಧಾನವಾಗಿ ಹಿಂದಕ್ಕೆ ಇಳಿದು, ಮೊದಲ ಸಲ ತುಳಿದಾಗ ಪೆಡಲ್ ಆಳಕ್ಕೆ ಹೋಗುವ ಸಾಧ್ಯತೆಯಿದೆ. ಅದಕ್ಕಾಗಿ ಪೈಪ್ ಮುಂದಕ್ಕೂ ಹಿಂದಕ್ಕೂ ಕವಲೊಡೆಯುವ ಟೀ ಜಾಯಿಂಟ್ ದಾಟಿದ ಮೇಲೆ ಮುಂದಿನ ಪೈಪಿಗೆ 2 ಪಿಎಸ್‌ಐ, ಹಿಂದಿನ ಪೈಪಿಗೆ 10 ಪಿಎಸ್‌ಐ ಅಷ್ಟೇ ಒತ್ತಡ ಉಳಿಸುವ ರೆಸಿಡ್ಯುಯಲ್ ವಾಲ್ವ್ ಹಾಕಿಸಿ. ಕಾದು ಗಾಜಿನಂತೆ ಹೊಳೆಯುತ್ತಿರುವ ಪ್ಯಾಡ್‌ಗಳನ್ನು ಮತ್ತೆ ಬಳಸಬೇಡಿ.

ಗಂಗಾವತಿ ಅಂಬಿ
ಹೇಗೂ ಮಾಸ್ಟರ್ ಬದಲಿಸುವಿರಾದರೆ ಒಳಗೆ ಎರಡು ಪ್ರತ್ಯೇಕ ಭಾಗಗಳಿರುವ ಟ್ಯಾಂಡೆಮ್ ಮಾಸ್ಟರ್ ಹಾಕಿಸಿ, ಮುಂದೆ ಹಿಂದೆ ಪ್ರತ್ಯೇಕ ಪೈಪ್ ಎಳೆಸಿ. ಈಗಿನ ವ್ಯವಸ್ಥೆಯಲ್ಲಿ ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರಗಳ ಬ್ರೇಕ್ ಹೋಗುತ್ತದೆ, ಉಳಿಯುವುದು ಹ್ಯಾಂಡ್ ಬ್ರೇಕ್ ಒಂದೇ.

ಕೆಂಪುಧೂಳು, ಬಳ್ಳಾರಿ
ಟ್ಯಾಂಡೆಮ್‌ಗೆ ನೆಲದ ಕೆಳಗೆ ಜಾಗ ಸಾಲಲಿಲ್ಲ, ಪೆಡಲ್ ಜೋಡಣೆಯನ್ನೇ ಬದಲಿಸಬೇಕೆಂದು ಲೇತ್‌ನವರು ಹೇಳಿದರು; ಅದನ್ನು ಮುಂದಕ್ಕೆ ಇಟ್ಟುಕೊಂಡಿದ್ದೇನೆ. ಸದ್ಯಕ್ಕೆ ಚೆಕ್ ವಾಲ್ವ್ ಇಲ್ಲದ ಮಾಸ್ಟರ್, ನೀವು ಹೇಳಿದ ಎರಡು ವಾಲ್ವ್, ಹೊಸ ಪ್ಯಾಡ್. ಸಂಡೂರಿನವರೆಗೆ ಹೋಗಿ ಬಂದೆ, ವಾಸನೆಯಿಲ್ಲ, ಬಿಸಿಯಾದ ಮೇಲೂ ಬೆಳಗಿನಂತೆಯೇ ಹಿಡಿಯುತ್ತದೆ. ಖಾಲಿ ರಸ್ತೆಯಲ್ಲಿ ಒಬ್ಬನೇ ಕೂತು ಪೂರ್ತಿ ತುಳಿದರೆ ನಾಲ್ಕೂ ಚಕ್ರಗಳು ಹೆಚ್ಚುಕಡಿಮೆ ಒಟ್ಟಿಗೆ ಕಚ್ಚುತ್ತವೆ. ಮಳೆಗಾಲಕ್ಕೆ ಇದು ಸಾಕೇ?

ಹಳೇ ಗಾಡಿ, ಕೊಪ್ಪಳ
ಸಾಲದು. ಮುಂದಿನದು ಸ್ಪಷ್ಟವಾಗಿ ಮೊದಲು ಕಚ್ಚಬೇಕು. ಹಿಂದಿನ ಅಡ್ಜಸ್ಟರ್ ಮತ್ತು ಹ್ಯಾಂಡ್ ಬ್ರೇಕ್ ಕೇಬಲ್ ಅತಿಯಾಗಿ ಬಿಗಿಯಿಲ್ಲವೆಂದು ನೋಡಿ, ಹೊಸ ಪ್ಯಾಡ್ ಚೆನ್ನಾಗಿ ಕೂತ ಮೇಲೆ ಮತ್ತೆ ಪರೀಕ್ಷಿಸಿ. ಆಗಲೂ ಹೀಗೆಯೇ ಇದ್ದರೆ ರಾಯಚೂರಿನ ಸರ್ ಹೇಳಿದ ವಾಲ್ವ್ ಹಾಕಿಸಿ.

ಪದ್ಮಿನಿ ಪ್ರಿಯ, ರಾಯಚೂರು
ಕೊನೆಗೂ ವಾಲ್ವ್‌ಗೇ ಬಂದಿರಿ. ಹಾಕಿಸುವಾಗ ಹಿಂದಿನ ಪೈಪಿನಲ್ಲಿ, ಟೀ ದಾಟಿದ ಮೇಲೆ, ಬಾಣದ ಗುರುತು ಹಿಂದಿನ ಚಕ್ರದ ಕಡೆಗಿರುವಂತೆ ಕೂರಿಸಲು ಹೇಳಿ.