ಇಎಸ್‌ಎಕ್ಸ್‌ಐನಿಂದ ಪ್ರಾಕ್ಸ್‌ಮಾಕ್ಸ್‌ಗೆ ತಂದ ವಿಎಂ ಡ್ರಾಕಟ್ ಶೆಲ್‌ಗೆ ಬಂದು ನಿಲ್ಲುತ್ತಿದೆ

ಇರುಳುಪಾಳಿ:
ವಿಎಂವೇರ್‌ನ ಇಎಸ್‌ಎಕ್ಸ್‌ಐನಿಂದ ಪ್ರಾಕ್ಸ್‌ಮಾಕ್ಸ್‌ಗೆ (ಎರಡೂ ವರ್ಚುವಲ್ ಮಷೀನ್, ಅಂದರೆ ವಿಎಂ, ಓಡಿಸುವ ಸಾಫ್ಟ್‌ವೇರ್) ತಂದ ಸೆಂಟ್‌ಒಎಸ್ 7 (ಲಿನಕ್ಸ್) ವಿಎಂ, 80 ಜಿಬಿ ಡಿಸ್ಕ್, ಒಳಗೆ ಡೇಟಾಬೇಸ್. ಸ್ನ್ಯಾಪ್‌ಶಾಟ್‌ಗಳನ್ನೆಲ್ಲ ಅಳಿಸಿ, ಶಟ್‌ಡೌನ್ ಮಾಡಿ, ಆಮೇಲೆಯೇ ವಿಎಂಡಿಕೆಯನ್ನು (ಹಳೇ ಕಡೆಯ ಡಿಸ್ಕ್ ಫೈಲ್) ಕ್ಯೂಕೌ2ಗೆ (ಪ್ರಾಕ್ಸ್‌ಮಾಕ್ಸ್ ಓದುವ ಡಿಸ್ಕ್ ಫೈಲ್) ಕನ್ವರ್ಟ್ ಮಾಡಿದೆ. ಡಿಸ್ಕನ್ನು ವರ್ಟ್‌ಐಒ ಸ್ಕಸಿಗೆ (ಪ್ರಾಕ್ಸ್‌ಮಾಕ್ಸ್ ಕಡೆಯ ವರ್ಚುವಲ್ ಡಿಸ್ಕ್ ಕಂಟ್ರೋಲರ್) ಜೋಡಿಸಿದ್ದೇನೆ. ಗ್ರಬ್ (ಬೂಟ್‌ಲೋಡರ್) ಮೆನು ಬರುತ್ತದೆ, ಕರ್ನಲ್ ಶುರುವಾಗುತ್ತದೆ, ಆಮೇಲೆ ಎರಡು-ಮೂರು ನಿಮಿಷ ಸುಮ್ನೆ ನಿಂತು ಡ್ರಾಕಟ್ ಶೆಲ್‌ಗೆ (ಬೂಟ್ ಅರ್ಧಕ್ಕೆ ನಿಂತಾಗ ಬರುವ ತುರ್ತು ಕಮಾಂಡ್ ಪರದೆ) ಬೀಳುತ್ತದೆ. ರೂಟ್ ವಾಲ್ಯೂಮ್ ಸಿಗಲಿಲ್ಲ ಅನ್ನುತ್ತದೆ. ಡಿಸ್ಕ್ ಹಾಳಾಯ್ತೇನೋ ಅಂತ ಇನ್ನೊಮ್ಮೆ ಕನ್ವರ್ಟ್ ಮಾಡಿದೆ, ಅದೇ ಕಥೆ. ಹಳೇ ವಿಎಂ ಹಾಗೇ ಇದೆ, ಡೇಟಾ ಬಗ್ಗೆ ಭಯವಿಲ್ಲ. ಎಲ್ಲಿ ನೋಡಲಿ?

ಕರ್ನಲ್‌ಕಟ್ಟೆ:
ಡಿಸ್ಕ್ ಹಾಳಾಗಿಲ್ಲ. ಗ್ರಬ್ ಡಿಸ್ಕನ್ನು ಬಯಾಸ್ ಮೂಲಕ ಓದುತ್ತದೆ, ಅದಕ್ಕೆ ಡ್ರೈವರ್ ಬೇಡ. ಕರ್ನಲ್‌ಗೆ ಬೇಕೇ ಬೇಕು. ಸೆಂಟ್‌ಒಎಸ್‌ನಲ್ಲಿ ಡ್ರಾಕಟ್ ಅನ್ನುವ ಟೂಲ್ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಿನಲ್ಲಿ ಕರ್ನಲ್‌ಗೆ ಡ್ರೈವರ್ ಒದಗಿಸುವ ಫೈಲ್) ಕಟ್ಟುವಾಗ ಆ ಹೊತ್ತಿಗೆ ಕಾಣುವ ಹಾರ್ಡ್‌ವೇರ್‌ನ ಡ್ರೈವರ್ ಮಾತ್ರ ತುಂಬುತ್ತದೆ. ಹಳೇ ಕಡೆ ವರ್ಟ್‌ಐಒ ಇರಲಿಲ್ಲ, ಅಲ್ವಾ?

ಗ್ರಬ್ ಮೆನುವಿನ ಕೊನೆಗೆ ರೆಸ್ಕ್ಯೂ ಅನ್ನುವ ಸಾಲಿದೆ. ಅದರಲ್ಲಿ ಎಲ್ಲ ಬಗೆಯ ಡ್ರೈವರ್ ಇರುತ್ತವೆ, ಅಲ್ಲಿಂದ ಬೂಟ್ ಮಾಡಿ. ಒಳಗೆ ಹೋಗಿ ಡ್ರಾಕಟ್ ಓಡಿಸುವಾಗ ಫೋರ್ಸ್ ಜೊತೆಗೆ ರೀಜನರೇಟ್-ಆಲ್ ಕೂಡ ಕೊಡಿ. ಬರೀ ಫೋರ್ಸ್ ಕೊಟ್ಟರೆ ಆಗ ಓಡುತ್ತಿರುವ ಕರ್ನಲ್‌ಗೆ ಮಾತ್ರ ಕಟ್ಟುತ್ತದೆ. ರೆಸ್ಕ್ಯೂ ಕರ್ನಲ್ ಇನ್‌ಸ್ಟಾಲ್ ಮಾಡಿದ ದಿನದ್ದು, ನೀವು ದಿನಾ ಬಳಸುವುದು ಅಪ್‌ಡೇಟ್ ಆದದ್ದು. ಜಾಸ್ತಿ ಜನ ಎಡವುವುದು ಇಲ್ಲೇ.

ಹಳೇಸರ್ವರ್:
ರೆಸ್ಕ್ಯೂ ಸಾಲು ಇಲ್ಲದಿದ್ದರೆ, ಹಳೇ ಕಡೆ ಪಿವಿಸ್ಕಸಿ (ವಿಎಂವೇರ್‌ನ ವರ್ಚುವಲ್ ಡಿಸ್ಕ್ ಕಂಟ್ರೋಲರ್) ಇದ್ದಿದ್ದರೆ, ಪ್ರಾಕ್ಸ್‌ಮಾಕ್ಸ್‌ನಲ್ಲೂ ಸ್ಕಸಿ ಕಂಟ್ರೋಲರನ್ನು ವಿಎಂವೇರ್ ಪಿವಿಸ್ಕಸಿಗೆ ಬದಲಿಸಿ. ನೇರ ಬೂಟ್ ಆಗುತ್ತದೆ. ಆದರೆ ಆಗ ಡ್ರಾಕಟ್‌ಗೆ ವರ್ಟ್‌ಐಒ ಡಿಸ್ಕ್ ಕಾಣುವುದಿಲ್ಲ. ವರ್ಟ್‌ಐಒ_ಪಿಸಿಐ, ವರ್ಟ್‌ಐಒ_ಸ್ಕಸಿ ಎರಡನ್ನೂ ಹೆಸರು ಹೇಳಿ ಸೇರಿಸಬೇಕು.

ಇರುಳುಪಾಳಿ:
ರೆಸ್ಕ್ಯೂನಿಂದ ಬಂತು! ಡ್ರಾಕಟ್ ಓಡಿಸಿದ ಮೇಲೆ ಎಲ್‌ಎಸ್‌ಇನಿಟ್‌ಆರ್‌ಡಿ (ಇನಿಟ್‌ರಾಮ್‌ಎಫ್‌ಎಸ್ ಒಳಗೆ ಏನಿದೆ ತೋರಿಸುವ ಕಮಾಂಡ್) ಓಡಿಸಿ ನೋಡಿದೆ, ವರ್ಟ್‌ಐಒ_ಸ್ಕಸಿ ಕಾಣಿಸುತ್ತಿದೆ. ಮಾಮೂಲಿ ಸಾಲಿನಿಂದಲೂ ಬೂಟ್ ಆಗುತ್ತಿದೆ. ಆದರೆ ನೆಟ್‌ವರ್ಕ್ ಇಲ್ಲ.

ಹಳೇಸರ್ವರ್:
ಕಾರ್ಡಿನ ಹೆಸರು ಬದಲಾಗಿದೆ. ಅಲ್ಲಿ ಸಾಮಾನ್ಯವಾಗಿ ಇಎನ್‌ಎಸ್192, ಇಲ್ಲಿ ಇಎನ್‌ಎಸ್18. ನಿಮ್ಮ ಐಪಿ ಹಳೇ ಹೆಸರಿನ ಫೈಲ್‌ನಲ್ಲೇ ಕೂತಿದೆ. ಫೈಲ್ ಹೆಸರನ್ನೂ ಒಳಗಿನ ಡಿವೈಸ್ ಸಾಲನ್ನೂ ಬದಲಿಸಿ. ಹಳೇ ಮ್ಯಾಕ್ ಅಡ್ರೆಸ್ ಬರೆದಿದ್ದರೆ ಆ ಸಾಲು ತೆಗೆಯಿರಿ. ಹಳೇ ವಿಎಂ ಮಾತ್ರ ಆನ್ ಮಾಡಬೇಡಿ, ಒಂದೇ ಐಪಿ ಎರಡು ಕಡೆ ಆಗುತ್ತದೆ.

ಇರುಳುಪಾಳಿ:
ಪಿಂಗ್ ಹೋಗುತ್ತಿದೆ, ಡೇಟಾಬೇಸೂ ಎದ್ದಿದೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇನ್ನೂ ನಾಲ್ಕು ವಿಎಂ ಬಾಕಿ ಇವೆ. ಅವು ಹಳೇ ಕಡೆ ಓಡುತ್ತಿರುವಾಗಲೇ ವರ್ಟ್‌ಐಒ ಸೇರಿಸಿ ಡ್ರಾಕಟ್ ಓಡಿಸಿಬಿಡುತ್ತೇನೆ, ಶಟ್‌ಡೌನ್ ಆಮೇಲೆ.