6 ಲಕ್ಷದ ಎಫ್‌ಡಿ ಯಾರ ಹೆಸರಲ್ಲಿ ಇಟ್ಟರೆ ತೆರಿಗೆ ಬೀಳಲ್ಲ?

ಸಿಂಧನೂರು ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಸಿಂಧನೂರು ತಾಲೂಕಿನ ಸರ್ಕಾರಿ ಹೈಸ್ಕೂಲಲ್ಲಿ ಶಿಕ್ಷಕ. 2008ರಲ್ಲಿ ಸೇರಿದ್ದು, ಹಾಗಾಗಿ ಎನ್‌ಪಿಎಸ್ ಪಿಂಚಣಿ. 2025-26ಕ್ಕೆ ಸಂಬಳ ಎಲ್ಲಾ ಸೇರಿ 12.60 ಲಕ್ಷ ಆಗುತ್ತೆ. ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 11.85 ಲಕ್ಷ, ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಯಾಯಿತಿ ಇರೋದ್ರಿಂದ ತೆರಿಗೆ ಸೊನ್ನೆ.

ಈಗ ಚೀಟಿ ಮುಗಿದು 6 ಲಕ್ಷ ಕೈಗೆ ಬಂದಿದೆ. ಎಫ್‌ಡಿ ಇಟ್ಟರೆ ವರ್ಷಕ್ಕೆ ಹತ್ತಿರ ಹತ್ತಿರ 40,000 ಬಡ್ಡಿ. ನನ್ನ ಹೆಸರಲ್ಲಿ ಇಟ್ಟರೆ 12 ಲಕ್ಷ ದಾಟುತ್ತೆ. ಮನೆಯವರ ಹೆಸರಲ್ಲಿ ಇಡು ಅಂತ ಕೆಲವರು, ಅಪ್ಪನ ಹೆಸರಲ್ಲಿ ಅಂತ ಕೆಲವರು. ಅಪ್ಪನಿಗೆ 71 ವರ್ಷ. ಎಡದಂಡೆ ಕಾಲುವೆ ಕೆಳಗೆ ಐದು ಎಕರೆ ಗದ್ದೆ ಅವರ ಹೆಸರಲ್ಲೇ ಇದೆ, ಲಾವಣಿಗೆ (ಗುತ್ತಿಗೆಗೆ) ಕೊಟ್ಟಿದ್ದಾರೆ. ಬೇರೆ ಆದಾಯ ಇಲ್ಲ. ನನಗೆ ಮನೆ ಸಾಲ 14 ಲಕ್ಷ ಬಾಕಿ ಇದೆ, ಬಡ್ಡಿ 8.6%. ಮಗಳಿಗೆ ಆರು ವರ್ಷ.

ಇನ್ನೊಂದು. ನಮ್ಮ ಸ್ಟಾಫ್ ರೂಮಿಗೆ ಒಬ್ಬರು ಬರ್ತಾರೆ. ಕಳೆದ ವರ್ಷ ಕಟ್ಟಿದ ತೆರಿಗೆನ ಹಳೇ ಪದ್ಧತಿಯಲ್ಲಿ ಮನೆ ಬಾಡಿಗೆ, ದೇಣಿಗೆ ಎಲ್ಲ ತೋರಿಸಿ ವಾಪಸ್ ತರಿಸಿಕೊಡ್ತೀನಿ, ಬಂದದ್ದರಲ್ಲಿ ನನಗಿಷ್ಟು ಅಂತಾರೆ. ಇಬ್ಬರು ಸಹೋದ್ಯೋಗಿಗಳಿಗೆ ಬಂದೂ ಇದೆ. ನಾನಿರೋದು ಸ್ವಂತ ಮನೆಯಲ್ಲಿ. ಏನು ಮಾಡಲಿ?

ಗಂಗಾವತಿ ಲೆಕ್ಕದಕ್ಕ:
ಸರ್, ಗಂಗಾವತಿಯಲ್ಲಿ ರಿಟರ್ನ್ ತುಂಬೋದೇ ನನ್ನ ಕೆಲಸ. ನಿಮ್ಮ ಕೊನೇ ಪ್ರಶ್ನೆಗೆ ಮೊದಲು ಉತ್ತರ ಕೊಡ್ತೀನಿ, ಯಾಕಂದ್ರೆ ಅದನ್ನ ಕೇಳಿ ಹೊಟ್ಟೆ ಉರೀತು.

ಆ ಮನುಷ್ಯನಿಗೆ ನಿಮ್ಮ ಪಾಸ್‌ವರ್ಡ್ ಕೊಡಬೇಡ್ರಿ. ಸ್ವಂತ ಮನೆಯಲ್ಲಿದ್ದು ಬಾಡಿಗೆ ತೋರಿಸೋದು, ಕೊಡದ ದೇಣಿಗೆ ತೋರಿಸೋದು ತೆರಿಗೆ ಉಳಿತಾಯ ಅಲ್ಲ, ಸುಳ್ಳು ಲೆಕ್ಕ. ರಿಫಂಡ್ ಖಾತೆಗೆ ಬಂತು ಅಂದ್ರೆ ಇಲಾಖೆ ಒಪ್ಪಿಕೊಂಡಿತು ಅಂತಲ್ಲ. ಆಮೇಲೂ ಕೇಳ್ತಾರೆ. ಸುಳ್ಳು ಮಾಹಿತಿ ಅಂತ ಸಾಬೀತಾದ್ರೆ ತೆರಿಗೆ, ಬಡ್ಡಿ, ಅದರ ಮೇಲೆ ತೆರಿಗೆಯ 200% ದಂಡ. ನೋಟಿಸ್ ಬಂದ ದಿನ ಆತ ಫೋನ್ ಎತ್ತಲ್ಲ, ದಂಡ ಕಟ್ಟೋರು ಮೇಷ್ಟ್ರು. ನಿಮ್ಮ ಸಹೋದ್ಯೋಗಿಗಳಿಗೆ ಹೇಳ್ರಿ: ನೋಟಿಸ್ ಬರೋ ಮುಂಚೆ ತಾವೇ ಸರಿಪಡಿಸಬಹುದು. ರಿವೈಸ್ಡ್ ರಿಟರ್ನಿನ ಗಡುವು ದಾಟಿದ್ರೆ ಅಪ್‌ಡೇಟೆಡ್ ರಿಟರ್ನ್ ಅಂತ ಇದೆ. ಮೊದಲ 12 ತಿಂಗಳಲ್ಲಿ ತುಂಬಿದ್ರೆ ತೆರಿಗೆ ಮತ್ತು ಬಡ್ಡಿ ಮೇಲೆ 25% ಹೆಚ್ಚುವರಿ, ಎರಡನೇ ವರ್ಷ 50%. ತಡ ಆದಷ್ಟೂ ಏರುತ್ತೆ.

ಈಗ ನಿಮ್ಮ 6 ಲಕ್ಷ.

ನಿಮ್ಮ ಹೆಸರಲ್ಲಿ ಇಟ್ಟರೆ ಆದಾಯ 12.25 ಲಕ್ಷ ಆಗುತ್ತೆ, ರಿಯಾಯಿತಿ ಹೋಗುತ್ತೆ. ಸ್ಲ್ಯಾಬ್ ಪ್ರಕಾರ 63,750 ಬರಬೇಕು, ಆದ್ರೆ ಮಾರ್ಜಿನಲ್ ರಿಲೀಫ್ ಇರೋದ್ರಿಂದ 12 ಲಕ್ಷದ ಮೇಲೆ ಬಂದ 25,000 ಅಷ್ಟೇ ತೆರಿಗೆ. ಸೆಸ್ ಸೇರಿ 26,000. ಅಂದ್ರೆ 40,000 ಬಡ್ಡಿಯಲ್ಲಿ ನಿಮ್ಮ ಕೈಗೆ ಉಳಿಯೋದು 14,000. ಹಳೇ ಪದ್ಧತಿಗೆ ಹೋದ್ರೆ? 80ಸಿ ಉಳಿತಾಯ ಪೂರ್ತಿ 1.5 ಲಕ್ಷ, ಅಪ್ಪ ಅವ್ವನ ಆರೋಗ್ಯ ವಿಮೆ 30,000, ಮನೆ ಸಾಲದ ಬಡ್ಡಿ 1.2 ಲಕ್ಷ ಎಲ್ಲ ಕಳೆದು ನೋಡಿದೆ. ತೆರಿಗೆ ಒಂದು ಲಕ್ಷ ದಾಟುತ್ತೆ. ಆ ಕಡೆ ನೋಡಲೇಬೇಡ್ರಿ.

ಮನೆಯವರ ಹೆಸರಲ್ಲಿ ಇಟ್ಟರೆ ಪ್ರಯೋಜನ ಇಲ್ಲ. ಗಂಡ ಕೊಟ್ಟ ದುಡ್ಡಿನ ಬಡ್ಡಿ ಸೆಕ್ಷನ್ 64ರ ಪ್ರಕಾರ ಗಂಡನ ಆದಾಯಕ್ಕೇ ಸೇರುತ್ತೆ. ಅಪ್ಪನಿಗೆ ಕೊಟ್ಟರೆ ಹಾಗೆ ಸೇರಲ್ಲ. ಕೊಡೋಕೆ ಮಿತಿಯೂ ಇಲ್ಲ, ಅವರಿಗೆ ತೆರಿಗೆಯೂ ಇಲ್ಲ. ಹಿರಿಯ ನಾಗರಿಕರಿಗೆ ಬ್ಯಾಂಕಿನವರು ಟಿಡಿಎಸ್ (ಬಡ್ಡಿಯಲ್ಲೇ ಮುರಿದುಕೊಳ್ಳೋ ತೆರಿಗೆ) ಹಿಡಿಯೋದು ಬಡ್ಡಿ 1 ಲಕ್ಷ ದಾಟಿದ ಮೇಲೆ. ಆದ್ರೆ ಕೊಟ್ಟ ಮೇಲೆ ಅದು ಅಪ್ಪನ ದುಡ್ಡು. ನಿಮ್ಮನ್ನ ನಾಮಿನಿ ಮಾಡಿದ ಮಾತ್ರಕ್ಕೆ ಅದು ನಿಮ್ಮದಾಗಲ್ಲ, ನಾಳೆ ಅಕ್ಕತಂಗಿಯರಿಗೂ ಅದರಲ್ಲಿ ಪಾಲು ಇರುತ್ತೆ. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದು, ಒಪ್ಪಿಗೆ ಇದ್ರೆ ಮಾತ್ರ ಮಾಡ್ರಿ. ಬ್ಯಾಂಕ್ ಮೂಲಕವೇ ಕೊಡ್ರಿ.

ನಾನಾಗಿದ್ರೆ ಇದ್ಯಾವುದನ್ನೂ ಮಾಡ್ತಿರಲಿಲ್ಲ ಸರ್. 8.6%ಗೆ ಸಾಲ ಕಟ್ತಾ, 6.6%ಗೆ ಎಫ್‌ಡಿ ಯಾಕೆ? ಆ 6 ಲಕ್ಷ ಸಾಲದ ಅಸಲಿಗೆ ಹಾಕಿದ್ರೆ ವರ್ಷಕ್ಕೆ 51,600 ಬಡ್ಡಿ ಉಳಿಯುತ್ತೆ, ಅದಕ್ಕೆ ಒಂದು ಪೈಸೆ ತೆರಿಗೆ ಇಲ್ಲ. ಫ್ಲೋಟಿಂಗ್ ಬಡ್ಡಿ ಸಾಲ ಆಗಿದ್ರೆ ಮುಂಗಡ ಕಟ್ಟಿದ್ದಕ್ಕೆ ದಂಡವೂ ಇಲ್ಲ. ಸ್ವಂತ ವಾಸದ ಮನೆ ಸಾಲದ ಬಡ್ಡಿಗೆ ಹೊಸ ಪದ್ಧತಿಯಲ್ಲಿ ಹೆಂಗೂ ಕಡಿತ ಸಿಗಲ್ಲ, ಹಂಗಾಗಿ ನೀವು ಕಳಕೊಳ್ಳೋದೂ ಏನಿಲ್ಲ. ಮಗಳ ಮುಂದಿನ ದಿನಕ್ಕೆ ಸ್ವಲ್ಪ ಎತ್ತಿಡಬೇಕು ಅನಿಸಿದ್ರೆ ಅವಳ ಹೆಸರಲ್ಲಿ ಸುಕನ್ಯಾ ಖಾತೆ ತೆರೀರಿ, ವರ್ಷಕ್ಕೆ 1.5 ಲಕ್ಷದವರೆಗೆ. ಹೊಸ ಪದ್ಧತಿಯಲ್ಲಿ ಹಾಕಿದ ದುಡ್ಡಿಗೆ ಕಡಿತ ಇಲ್ಲ, ಆದ್ರೆ ಬಡ್ಡಿಗೆ ತೆರಿಗೆ ಇಲ್ಲ.

ಇನ್ನು ಆ 12.60ರಲ್ಲಿ ಎನ್‌ಪಿಎಸ್‌ಗೆ ಸರ್ಕಾರ ಹಾಕೋ ಪಾಲು ಸೇರಿದೆಯಾ ನೋಡ್ರಿ. ಸೇರಿದ್ರೆ ಅದನ್ನ ಹೊಸ ಪದ್ಧತಿಯಲ್ಲೂ 80ಸಿಸಿಡಿ(2)ರಲ್ಲಿ ಕಳೀಬಹುದು. ನೀವು ಹಾಕೋ ಪಾಲಿಗೆ ಆ ಅವಕಾಶ ಇಲ್ಲ. ಆದಾಯಕ್ಕೆ ಸೇರಿಸಿ ಕಡಿತ ಮರೆತ ಫಾರಂ 16ಗಳು ನನ್ನ ಟೇಬಲ್ಲಿಗೆ ಬರ್ತಾನೇ ಇರ್ತಾವೆ.

ಲಿಂಗಸುಗೂರು ತೊಗರಿ:
ಮೇಡಂ, ಮೇಷ್ಟ್ರು ಅಪ್ಪನ ಗದ್ದೆ ವಿಷಯ ಹೇಳಿದ್ರಲ್ಲ, ಅದಕ್ಕೆ ಕೇಳ್ತಿದ್ದೀನಿ. ನನ್ನದು ನೌಕರಿ, ಎಲ್ಲಾ ಕಳೆದು 11 ಲಕ್ಷ. ಹೊಲ ನನ್ನ ಹೆಸರಲ್ಲೇ, ಹತ್ತಿ ತೊಗರಿಯಿಂದ 3 ಲಕ್ಷ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ನೌಕರಿದು 12ರ ಒಳಗೆ. ಆರಾಮ ತಾನೆ?

ಗಂಗಾವತಿ ಲೆಕ್ಕದಕ್ಕ:
ಇಲ್ಲಣ್ಣ, ಇಲ್ಲೇ ಬಹಳ ಜನ ಸಿಕ್ಕಿಬೀಳೋದು. ಕೃಷಿ ಆದಾಯಕ್ಕೆ ನೇರ ತೆರಿಗೆ ಇಲ್ಲ, ಆದ್ರೆ ದರ ಲೆಕ್ಕ ಹಾಕೋವಾಗ ಸೇರಿಸ್ತಾರೆ. 11+3=14 ಲಕ್ಷಕ್ಕೆ ತೆರಿಗೆ 90,000. ಅದರಲ್ಲಿ ತೆರಿಗೆ ಇಲ್ಲದ ಮೊದಲ 4 ಲಕ್ಷಕ್ಕೆ ಕೃಷಿಯ 3 ಸೇರಿಸಿ, 4+3=7 ಲಕ್ಷದ ತೆರಿಗೆ 15,000 ಕಳೀರಿ, 75,000 ಉಳೀತು. ರಿಯಾಯಿತಿ ಹೆಚ್ಚಂದ್ರೆ 60,000. ಉಳಿದ 15,000, ಸೆಸ್ ಸೇರಿ 15,600 ನೀವು ಕಟ್ಟಬೇಕು.

ಆದ್ರೆ ಆ 3 ಲಕ್ಷ ದಲಾಲಿ ಅಂಗಡಿ ಪಟ್ಟಿಯಲ್ಲಿ ಇರೋ ಮೊತ್ತನಾ, ಖರ್ಚು ಕಳೆದ ಮೊತ್ತನಾ? ಬೀಜ, ಗೊಬ್ಬರ, ಎಣ್ಣಿ (ಕೀಟನಾಶಕ), ಹತ್ತಿ ಬಿಡಿಸೋ ಕೂಲಿ, ಟ್ರ್ಯಾಕ್ಟರ್ ಬಾಡಿಗೆ ಎಲ್ಲ ಕಳೀಬೇಕು. ಖರ್ಚು ಹೋಗಿ 1.8 ಲಕ್ಷ ಉಳಿದ್ರೆ ತೆರಿಗೆ ಬರೀ 3,120. ಅದಕ್ಕೇ ರಸೀದಿ ಎಸೀಬೇಡ್ರಿ ಅಂತ ನಾನು ಬಂದವರಿಗೆಲ್ಲ ಬಡಕೊಳ್ಳೋದು. ಇನ್ನು ಕೃಷಿ ಆದಾಯ 5,000 ದಾಟಿದ್ರೆ ರಿಟರ್ನಿನ ಐಟಿಆರ್-1 ಫಾರಂ ನಡೆಯಲ್ಲ, ನಿಮಗೆ ಐಟಿಆರ್-2.

ಮೇಷ್ಟ್ರೇ, ನಿಮ್ಮ ಗದ್ದೆ ಅಪ್ಪನ ಹೆಸರಲ್ಲಿ ಇರೋದ್ರಿಂದ ಈ ತಾಪತ್ರಯ ನಿಮಗಿಲ್ಲ. ಅಪ್ಪನ ಬೇರೆ ಆದಾಯ 4 ಲಕ್ಷದ ಒಳಗೆ ಇದ್ದಷ್ಟು ಕಾಲ ಅವರಿಗೂ ಇಲ್ಲ.

ಬಳ್ಳಾರಿ ಜೀನ್ಸ್:
ಅಕ್ಕಾ, ನಮ್ದು ಸಣ್ಣ ಹೊಲಿಗೆ ಯೂನಿಟ್, ಎಂಟು ಮಿಷನ್ ಐತೆ. ಜಾಬ್‌ವರ್ಕ್ ವರ್ಷಕ್ಕೆ 18 ಲಕ್ಷ, ಎಲ್ಲ ಬ್ಯಾಂಕಿಗೇ ಬರ್ತೈತೆ. ಪಾರ್ಟಿ 1% ಹಿಡಕೊಂಡು ಕೊಡ್ತಾರ. ಕೂಲಿ, ದಾರ, ಕರೆಂಟು ಹೋದ್ರೆ ನಮಗ ಉಳಿಯೋದು 3 ಲಕ್ಷದ ಆಜುಬಾಜು. ಅಷ್ಟಕ್ಕೂ ರಿಟರ್ನ್ ತುಂಬಬೇಕಾ?

ಗಂಗಾವತಿ ಲೆಕ್ಕದಕ್ಕ:
ತುಂಬೋದೇ ಒಳ್ಳೇದು ತಮ್ಮಾ! ಆ 1% ಅಂದ್ರೆ 18,000 ನಿನ್ನ ದುಡ್ಡು, ನಿನ್ನ ಪ್ಯಾನ್ ಮೇಲೆ ಸರ್ಕಾರದಲ್ಲಿ ಕೂತಿದೆ. ರಿಟರ್ನ್ ತುಂಬದೆ ವಾಪಸ್ ಬರಲ್ಲ. ಮೊದಲು 26ಎಎಸ್ (ನಿನ್ನ ಪ್ಯಾನ್ ಮೇಲೆ ಹಿಡಿದ ತೆರಿಗೆಯ ಪಟ್ಟಿ) ತೆಗೆದು ಪಾರ್ಟಿ ಹಿಡಿದದ್ದನ್ನ ಕಟ್ಟಿದ್ದಾರಾ ನೋಡು, ಕಟ್ಟದೇ ಇದ್ರೆ ಈಗಲೇ ಹೋಗಿ ಕೇಳು. ಆಮೇಲೆ ಐಟಿಆರ್-4 ಫಾರಂ, ಸೆಕ್ಷನ್ 44ಎಡಿ (ಸಣ್ಣ ವ್ಯಾಪಾರಕ್ಕೆ ಅಂದಾಜು ಲಾಭದ ಲೆಕ್ಕ). ಬ್ಯಾಂಕಿಗೆ ಬಂದದ್ದಕ್ಕೆ ಕನಿಷ್ಠ 6% ಲಾಭ ತೋರಿಸಬೇಕು, ನಗದಿಗೆ 8%. ನಿನಗೆ ನಿಜವಾಗಿ ಉಳಿಯೋದು 3 ಲಕ್ಷ ಅಂದ್ರೆ 3 ಲಕ್ಷವೇ ತೋರಿಸು. 4 ಲಕ್ಷದ ಒಳಗಿದೆ, ತೆರಿಗೆ ಬರಲ್ಲ, 18,000 ಪೂರ್ತಿ ಬರುತ್ತೆ. ನಾಳೆ ಮಿಷನ್ ಸಾಲಕ್ಕೆ ಬ್ಯಾಂಕಿಗೆ ಹೋದಾಗ ಅವರು ಮೊದಲು ಕೇಳೋದೂ ಇದೇ ರಿಟರ್ನ್.

ಸಿಂಧನೂರು ಮೇಷ್ಟ್ರು:
ಮೇಡಂ, ಬಹಳ ಉಪಕಾರ ಆಯ್ತು. 4.5 ಲಕ್ಷ ಸಾಲಕ್ಕೆ, 1.5 ಲಕ್ಷ ಸುಕನ್ಯಾಗೆ ಅಂತ ಮನೆಯಲ್ಲಿ ಮಾತಾಡಿಕೊಂಡ್ವಿ. ಒಂದೇ ಒಂದು ಅನುಮಾನ. ಡಿಎ ಹೆಚ್ಚಾಗಿ ಹಿಂದಿನ ವರ್ಷದ ಅರಿಯರ್ಸ್ ಒಟ್ಟಿಗೆ ಬಂದು 12 ಲಕ್ಷ ದಾಟಿದ್ರೆ?

ಗಂಗಾವತಿ ಲೆಕ್ಕದಕ್ಕ:
ನಿಮಗಿರೋ ಜಾಗ 15,000 ಅಷ್ಟೇ, ಹಾಗಾಗಿ ಡಿಸೆಂಬರ್‌ನಲ್ಲಿ ಒಮ್ಮೆ ಸಂಬಳದ ಚೀಟಿಗಳನ್ನೆಲ್ಲ ಕೂಡಿಸಿ ನೋಡ್ರಿ. ಹಿಂದಿನ ವರ್ಷಕ್ಕೆ ಸೇರಿದ ಬಾಕಿ ಈ ವರ್ಷ ಬಂದಿದ್ರೆ ಸೆಕ್ಷನ್ 89ರ ಪರಿಹಾರ ಕೇಳಬಹುದು. ಆಯಾ ವರ್ಷಕ್ಕೇ ಹಂಚಿ ಲೆಕ್ಕ ಹಾಕಿದ್ರೆ ತೆರಿಗೆ ಕಡಿಮೆ ಬರ್ತಿತ್ತಾ ಅಂತ ನೋಡ್ತಾರೆ, ಬರ್ತಿದ್ರೆ ಮಾತ್ರ ಪರಿಹಾರ. ಅದಕ್ಕೆ ರಿಟರ್ನಿಗಿಂತ ಮೊದಲು ಪೋರ್ಟಲ್‌ನಲ್ಲಿ ಫಾರಂ 10ಇ ತುಂಬಿರಬೇಕು. ರಿಟರ್ನ್ ಹಾಕಿ ಆಮೇಲೆ 10ಇ ತುಂಬ್ತೀನಿ ಅಂದ್ರೆ ಪರಿಹಾರ ತಿರಸ್ಕಾರ ಆಗುತ್ತೆ.