ಅಯಾನುಗೋಳದ ಎಚ್‌ಎಫ್ ರೇಡಾರ್: ಆಂಟೆನಾಗಳ ನಡುವಿನ ಅಂತರದ ಬಗ್ಗೆ

ಪ್ರಶ್ನೆ

ಅಯಾನುಗೋಳದ (ವಾತಾವರಣದ ಮೇಲ್ಭಾಗದ ವಿದ್ಯುದಾವೇಶವುಳ್ಳ ಪದರ) ಅಧ್ಯಯನಕ್ಕೆ ಎಚ್‌ಎಫ್ (ಉನ್ನತ ಆವೃತ್ತಿ) ಪಟ್ಟಿಯ 8ರಿಂದ 18 ಮೆಗಾಹರ್ಟ್ಸ್ ವ್ಯಾಪ್ತಿಯಲ್ಲಿ ಕೆಲಸ ಮಾಡುವ 16 ಆಂಟೆನಾಗಳ ನೇರ ಸಾಲೊಂದನ್ನು ವಿನ್ಯಾಸಗೊಳಿಸುತ್ತಿದ್ದೇನೆ. ಅಯಾನುಗೋಳವನ್ನು ಗಮನಿಸುವ ಅಂತರರಾಷ್ಟ್ರೀಯ ಸೂಪರ್‌ಡಾರ್ನ್ ಜಾಲದ ಹಲವು ರೇಡಾರ್‌ಗಳಲ್ಲಿರುವಂತೆ 15.24 ಮೀಟರ್ ಅಂತರವನ್ನೇ ಇಟ್ಟು, ಬೀಮನ್ನು ಎರಡೂ ಬದಿಗೆ 25 ಡಿಗ್ರಿಯವರೆಗೆ ತಿರುಗಿಸಿದರೆ ಮೇಲಿನ ಆವೃತ್ತಿಗಳಲ್ಲಿ ಗ್ರೇಟಿಂಗ್ ಲೋಬ್ (ಬೇರೊಂದು ದಿಕ್ಕಿನಲ್ಲಿ ಹುಟ್ಟುವ ಅನಗತ್ಯ ಬೀಮ್) ಕಾಣಿಸಿಕೊಳ್ಳುವುದಿಲ್ಲವೇ? ಅಂತರವನ್ನು ಕಿರಿದುಗೊಳಿಸುವುದು ಸೂಕ್ತವೇ?

ಉತ್ತರ 1

ಖಂಡಿತ ಕಾಣಿಸಿಕೊಳ್ಳುತ್ತದೆ. 18 ಮೆಗಾಹರ್ಟ್ಸ್‌ನಲ್ಲಿ ತರಂಗದೂರ ಸುಮಾರು 16.7 ಮೀಟರ್ ಇರುವುದರಿಂದ, ಬೀಮನ್ನು 25 ಡಿಗ್ರಿ ಬಲಕ್ಕೆ ತಿರುಗಿಸಿದಾಗ ಎಡಕ್ಕೆ ಸುಮಾರು 42 ಡಿಗ್ರಿಯಲ್ಲಿ ಎರಡನೆಯ ಬೀಮ್ ಹುಟ್ಟುತ್ತದೆ. ಅಲ್ಲಿಂದ ಬಂದ ಪ್ರತಿಧ್ವನಿಯೂ ಬಲಗಡೆಯದೆಂದೇ ದಾಖಲಾಗುತ್ತದೆ. ಆದರೆ 14 ಮೆಗಾಹರ್ಟ್ಸ್‌ನಲ್ಲಿ ಅದೇ ಲೋಬ್ 80 ಡಿಗ್ರಿಯ ಸಮೀಪಕ್ಕೆ ಸರಿಯುವುದರಿಂದ, ಬಿಡಿ ಆಂಟೆನಾದ ವಿಕಿರಣ ವಿನ್ಯಾಸವೇ (ಅದು ಯಾವ ದಿಕ್ಕಿಗೆ ಎಷ್ಟು ಶಕ್ತಿ ಸೂಸುತ್ತದೆ ಎಂಬುದು) ಅದನ್ನು ಬಹುಮಟ್ಟಿಗೆ ತಗ್ಗಿಸುತ್ತದೆ.

18 ಮೆಗಾಹರ್ಟ್ಸ್‌ವರೆಗೂ ಲೋಬ್ ಬೇಡವೆಂದರೆ ಅಂತರ 11.7 ಮೀಟರಿಗಿಂತ ಕಡಿಮೆಯಿರಬೇಕು. ಆಗ ಸಾಲಿನ ಉದ್ದ ಕುಗ್ಗಿ, 8 ಮೆಗಾಹರ್ಟ್ಸ್‌ನಲ್ಲಿ ಬೀಮಿನ ಅಗಲ ಸುಮಾರು 7.8 ಡಿಗ್ರಿಯಿಂದ 10 ಡಿಗ್ರಿಗೆ ಹಿಗ್ಗುತ್ತದೆ. ತಮ್ಮ ಅವಲೋಕನಗಳು ಹೆಚ್ಚಾಗಿ 10ರಿಂದ 14 ಮೆಗಾಹರ್ಟ್ಸ್ ನಡುವೆ ನಡೆಯುವುದಾದರೆ ಈ ಬೆಲೆ ತೆರುವ ಅಗತ್ಯ ನನಗೆ ಕಾಣುತ್ತಿಲ್ಲ. ಮೇಲಿನ ಆವೃತ್ತಿಗಳಲ್ಲಿ ಬೀಮನ್ನು ಕಡಿಮೆ ತಿರುಗಿಸಿದರೆ ಸಾಕು.

ಉತ್ತರ 2

ಇದಕ್ಕೆ ಪೂರಕವಾಗಿ ಒಂದು ಮಾತು. 11.7 ಮೀಟರ್ ಎಂದರೆ 8 ಮೆಗಾಹರ್ಟ್ಸ್‌ನಲ್ಲಿ ತರಂಗದೂರದ ಮೂರನೆಯ ಒಂದು ಭಾಗಕ್ಕೂ ಕಡಿಮೆ. ಅಷ್ಟು ಹತ್ತಿರದಲ್ಲಿ ಆಂಟೆನಾಗಳ ಪರಸ್ಪರ ಕಪ್ಲಿಂಗ್ (ಒಂದರ ಸಂಕೇತ ಇನ್ನೊಂದರ ಮೇಲೆ ಬೀರುವ ಪ್ರಭಾವ) ಬಲವಾಗಿ, ಬೀಮ್ ತಿರುಗಿದಂತೆಲ್ಲ ಪ್ರತಿ ಆಂಟೆನಾದ ಇಂಪೀಡೆನ್ಸ್ (ವಿದ್ಯುತ್ ಪ್ರತಿರೋಧ) ಬದಲಾಗುತ್ತದೆ. ಸಾಲಿನ ತುದಿಯ ಆಂಟೆನಾಗಳ ವರ್ತನೆ ನಡುವಿನವುಗಳಿಗಿಂತ ಭಿನ್ನವಾಗಿರುತ್ತದೆ.

ಪ್ರಶ್ನೆ ಕೇಳಿದವರು

ಧನ್ಯವಾದಗಳು, ಹಾಗಾದರೆ 15.24 ಮೀಟರ್ ಅಂತರವನ್ನೇ ಉಳಿಸಿಕೊಳ್ಳುತ್ತೇನೆ. ಪ್ರತಿಧ್ವನಿಯ ಎತ್ತರದ ಕೋನವನ್ನು ಅಳೆಯಲು ನಾಲ್ಕು ಆಂಟೆನಾಗಳ ಇನ್ನೊಂದು ಸಾಲನ್ನು 100 ಮೀಟರ್ ಹಿಂದೆ ನಿಲ್ಲಿಸುವ ಯೋಚನೆಯಿದೆ. ಅದರಲ್ಲಿ ಗಮನಿಸಬೇಕಾದದ್ದೇನು?

ಉತ್ತರ 2ರವರು

ಎರಡು ಸಾಲುಗಳಿಗೆ ತಲುಪುವ ಅಲೆಯ ಫೇಸ್ (ಅಲೆಯ ಆವರ್ತದಲ್ಲಿನ ಸ್ಥಾನ) ನಡುವಿನ ವ್ಯತ್ಯಾಸದಿಂದಲೇ ಎತ್ತರದ ಕೋನ ತಿಳಿಯುವುದು. ಹಾಗಾಗಿ ಮೊದಲನೆಯದಾಗಿ ಕೇಬಲ್. 15 ಮೆಗಾಹರ್ಟ್ಸ್‌ನಲ್ಲಿ 100 ಮೀಟರ್ ಎಂದರೆ ಐದು ತರಂಗದೂರ. ಎರಡು ಸಾಲುಗಳ ಪಾಲಿಎಥಿಲೀನ್ ಕೋಆಕ್ಸಿಯಲ್ ಕೇಬಲ್‌ಗಳ ಉದ್ದದಲ್ಲಿ ಕೇವಲ 10 ಸೆಂಟಿಮೀಟರ್ ವ್ಯತ್ಯಾಸವಾದರೂ ಫೇಸ್ ಸುಮಾರು 2.7 ಡಿಗ್ರಿ ತಪ್ಪುತ್ತದೆ. ಇದು ನಗಣ್ಯವೆನಿಸಬಹುದು, ಆದರೆ ದಿಗಂತಕ್ಕೆ ಹತ್ತಿರದಿಂದ ಬರುವ ಪ್ರತಿಧ್ವನಿಯಲ್ಲಿ ಕೋನ ಬದಲಾದರೂ ಫೇಸ್ ಅತಿ ನಿಧಾನವಾಗಿ ಬದಲಾಗುವುದರಿಂದ, ಅಷ್ಟರಿಂದಲೇ ಎತ್ತರದ ಕೋನದಲ್ಲಿ 3 ಡಿಗ್ರಿಯಷ್ಟು ದೋಷ ಉಂಟಾಗಬಲ್ಲದು. ಆದ್ದರಿಂದ ಕೇಬಲ್‌ಗಳನ್ನು ಟೇಪಿನಿಂದ ಅಳೆದರೆ ಸಾಲದು, ವಿದ್ಯುತ್ ಉದ್ದವನ್ನು (ಸಂಕೇತದ ಫೇಸ್ ಲೆಕ್ಕದಲ್ಲಿ ಕೇಬಲ್‌ನ ಉದ್ದ) ನೆಟ್‌ವರ್ಕ್ ಅನಲೈಸರ್ ಎಂಬ ಅಳತೆ ಉಪಕರಣದಲ್ಲಿ ಹೊಂದಿಸಬೇಕು. ಎರಡನೆಯದಾಗಿ, ಇದೇ 15 ಮೆಗಾಹರ್ಟ್ಸ್‌ನಲ್ಲಿ ಮಧ್ಯದ ಬೀಮಿಗೆ ಸುಮಾರು 37 ಡಿಗ್ರಿಗಿಂತ ಮೇಲಿಂದ ಬರುವ ಪ್ರತಿಧ್ವನಿಗಳ ಫೇಸ್ ಒಂದು ಪೂರ್ಣ ಸುತ್ತು ದಾಟಿ, ಅವು ಕೆಳಗಿನ ಕೋನದವುಗಳಂತೆ ತೋರುತ್ತವೆ. ಅಂತಹವನ್ನು ಬೇರ್ಪಡಿಸಲು ಪ್ರತಿಧ್ವನಿಯ ದೂರವನ್ನೂ ಜೊತೆಗಿಟ್ಟು ನೋಡಬೇಕಾಗುತ್ತದೆ.